ಕಾರ್ ಸೇವೆ: ಸರೋವರದಿಂದ ಹೊಳೆಗೆ

ಸಿಖ್ಖರ ಧಾರ್ಮಿಕ ಬದುಕಿನಲ್ಲಿ ‘ಕಾರ್ ಸೇವಾ’ ಎಂದರೆ ಕೂಲಿ ಪಡೆಯದೆ, ಮೇಲುಕೀಳು ಎಣಿಸದೆ, ಗುರುದ್ವಾರಕ್ಕೋ ಅದಕ್ಕೆ ಸೇರಿದ ಸರೋವರಕ್ಕೋ ಕೈಯಾರೆ ಸಲ್ಲಿಸುವ ದುಡಿಮೆ. ಅದರ ಅತ್ಯಂತ ಪ್ರಸಿದ್ಧ ರೂಪ ಹೂಳೆತ್ತುವುದು. ಗುರು ರಾಮದಾಸರ ಕಾಲದಲ್ಲಿ, 1577ರ ಸುಮಾರಿಗೆ, ತೋಡಲಾದ ಅಮೃತಸರದ ಸರೋವರವನ್ನು 1923ರಲ್ಲಿ ಬರಿದುಮಾಡಿ ತಳದ ಕೆಸರನ್ನು ಹೊತ್ತು ಹಾಕಿದಾಗ, ‘ಪಂಜ್ ಪ್ಯಾರೆ’ಗಳ ಸ್ಥಾನದಲ್ಲಿ ನಿಂತ ಐವರು ಚಿನ್ನದ ಗುದ್ದಲಿಯಿಂದ ಅಗೆದು ಬೆಳ್ಳಿಯ ಬಾಂಡಲಿಗೆ ತುಂಬಿ ಕೆಲಸಕ್ಕೆ ಚಾಲನೆ ಕೊಟ್ಟರು, ಆಮೇಲಿನದೆಲ್ಲ ಸಹಸ್ರಾರು ಜನರ ತಲೆಹೊರೆಯ ಕೆಲಸವೇ. ಪಂಜ್ ಪ್ಯಾರೆಗಳೆಂದರೆ 1699ರಲ್ಲಿ ಖಾಲ್ಸಾ ಪಂಥ ಸ್ಥಾಪನೆಯಾದಾಗ ಅಂದಿನ ಗುರುವಿಗೆ ತಲೆಯೊಪ್ಪಿಸಲು ಮುಂದೆ ಬಂದ ಐವರು ಪ್ರಿಯರು. ಅವರಲ್ಲೊಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರೆಂಬುದು ಕನ್ನಡಿಗರು ಅಷ್ಟಾಗಿ ನೆನೆಯದ ಸಂಗತಿ. ಅಮೃತಸರದ ಸರೋವರದ ಮುಂದಿನ ದೊಡ್ಡ ಹೂಳೆತ್ತುವಿಕೆ ನಡೆದದ್ದು 1973ರಲ್ಲಿ. ನಾಲ್ಕೂ ಕಡೆ ಮೆಟ್ಟಿಲಿರುವ ಸರೋವರವನ್ನು ಒಮ್ಮೆ ತೊಳೆದರೆ ದಶಕಗಟ್ಟಲೆ ನೆಮ್ಮದಿಯಾಗಿರಬಹುದು. ಹೊಳೆಗೆ ಆ ಲೆಕ್ಕ ಹೊಂದುವುದಿಲ್ಲ.

ಪಂಜಾಬಿನ ಕಾಲಿ ಬೇಯಿನ್ ಅಂಥದೊಂದು ಹೊಳೆ. ಹೋಶಿಯಾರ್‌ಪುರ ಜಿಲ್ಲೆಯಲ್ಲಿ ಹುಟ್ಟಿ, ಕಪೂರ್ಥಲಾ ಸೀಮೆಯಲ್ಲಿ ಹರಿದು, ಬಿಯಾಸ್ ಮತ್ತು ಸಟ್ಲೆಜ್ ನದಿಗಳು ಕೂಡುವ ಹರಿಕೆಯ ಬಳಿ ಮುಗಿಯುವ ಈ ಹೊಳೆಯ ಉದ್ದ ಸುಮಾರು 160 ಕಿಲೋಮೀಟರ್. ಇದರ ದಡದ ಸುಲ್ತಾನ್‌ಪುರ ಲೋಧಿಯಲ್ಲಿ ಗುರು ನಾನಕರು ಅಲ್ಲಿನ ಆಡಳಿತಗಾರ ದೌಲತ್ ಖಾನ್ ಲೋಧಿಯ ‘ಮೋದಿಖಾನೆ’ಯನ್ನು, ಅಂದರೆ ಸರ್ಕಾರಿ ದವಸದ ಉಗ್ರಾಣವನ್ನು, ನೋಡಿಕೊಳ್ಳುತ್ತಿದ್ದರು, ಒಂದು ಬೆಳಗ್ಗೆ ಸ್ನಾನಕ್ಕಿಳಿದವರು ಮೂರು ದಿನ ಕಾಣದೆ, ಮರಳಿ ಬಂದಾಗ ತಮ್ಮ ಸಂದೇಶವನ್ನು ಸಾರಿದರು ಎಂದು ಜನ್ಮಸಾಖಿಗಳು, ಅಂದರೆ ಗುರುವಿನ ಜೀವನ ಕಥನಗಳು, ಹೇಳುತ್ತವೆ. ಬೀದರಿನ ನಾನಕ್ ಝೀರಾದ ಚಿಲುಮೆಯ ಐತಿಹ್ಯದಲ್ಲಿಯೂ ನಾನಕರ ನೆನಪು ಬೆಸೆದುಕೊಂಡಿರುವುದು ನೀರಿನೊಂದಿಗೇ.

ಇಷ್ಟು ಪವಿತ್ರವೆನಿಸಿದ್ದರೂ 20ನೆಯ ಶತಮಾನದ ಕೊನೆಯ ಹೊತ್ತಿಗೆ ಈ ಹೊಳೆ ಹೆಸರಿಗೆ ಮಾತ್ರ ಉಳಿದಿತ್ತು. ದಡದ ಪಟ್ಟಣಗಳೂ ಹತ್ತಾರು ಹಳ್ಳಿಗಳೂ ಚರಂಡಿಯ ಬಾಯನ್ನು ಅದಕ್ಕೇ ತಿರುಗಿಸಿದ್ದವು. ಕೊಳಚೆಯನ್ನುಂಡು ಕೊಬ್ಬಿದ ಅಂತರಗಂಗೆ ನೀರನ್ನು ಮುಚ್ಚಿತ್ತು. ಕೆಲವೆಡೆ ಪಾತ್ರವೇ ಒತ್ತುವರಿಯಾಗಿ ಉಳುಮೆಯ ನೆಲವಾಗಿತ್ತು. ಹಿಂದಿನ ಕಾಲದ ಕಸ ಕೊಳೆತು ಹೂಳಾಗುತ್ತಿತ್ತು, ಹೂಳು ಗದ್ದೆಗೆ ಗೊಬ್ಬರವಾಗುತ್ತಿತ್ತು. ಪ್ಲಾಸ್ಟಿಕ್ ಚೀಲವಾದರೋ ಕೊಳೆಯದೆ, ಬೇರಿಗೆ ಸುತ್ತಿಕೊಂಡು, ಕೆಸರಿನೊಳಗೆ ಪದರಪದರವಾಗಿ ಕೂರುತ್ತದೆ. ಗೊಬ್ಬರವಾಗದ ಹೂಳನ್ನು ಯಾರೂ ತಾವಾಗಿ ಬಂದು ಹೊತ್ತೊಯ್ಯುವುದಿಲ್ಲ.

2000ದ ಜುಲೈಯಲ್ಲಿ ಜಲಂಧರದಲ್ಲಿ ನಡೆದ ಸಭೆಯೊಂದರಲ್ಲಿ ಹೊಳೆಯ ದುಸ್ಥಿತಿಯ ಮಾತು ಬಂದಾಗ, ಸೀಚೇವಾಲ್ ಗ್ರಾಮದ ಸಂತ ಬಲ್ಬೀರ್ ಸಿಂಗ್ ಅವರು ಚರ್ಚೆಯನ್ನು ಬೆಳೆಸದೆ, ಬೆಂಬಲಿಗರೊಂದಿಗೆ ನೇರವಾಗಿ ನೀರಿಗಿಳಿದರು. ಅವರು ಕೈಗೆತ್ತಿಕೊಂಡದ್ದು ಹಳೆಯ ಕಾರ್ ಸೇವೆಯ ಕ್ರಮವನ್ನೇ: ಎದೆಮಟ್ಟದ ನೀರಿನಲ್ಲಿ ನಿಂತು ಜೊಂಡನ್ನು ಎಳೆಯುವವರು, ಅದನ್ನು ದಡಕ್ಕೆ ಸಾಗಿಸುವವರು, ಟ್ರ್ಯಾಕ್ಟರನ್ನೂ ಡೀಸೆಲನ್ನೂ ಕೊಡುವ ರೈತರು, ಎಲ್ಲರಿಗೂ ಉಣಬಡಿಸುವ ಲಂಗರ್, ಅಂದರೆ ಸಾಮೂಹಿಕ ಅಡುಗೆಮನೆ. ಸರ್ಕಾರದ ಯೋಜನೆಗಿಂತ ಮೊದಲು ಕೆಲಸ ಶುರುವಾಗಲು ಈ ಸಿದ್ಧ ವ್ಯವಸ್ಥೆಯೇ ಕಾರಣ. ಹೊಸ ಸಂಘವೊಂದು ಶೂನ್ಯದಿಂದ ಅಷ್ಟು ಜನರನ್ನು ಕೂಡಿಸುವುದು ಸುಲಭವಾಗಿರಲಿಲ್ಲ. ಬಿಯಾಸ್ ನದಿಯ ನೀರು ಮತ್ತೆ ಹರಿದು, ದಡಗಳಲ್ಲಿ ಘಾಟುಗಳೂ ಗಿಡಗಳೂ ಎದ್ದು, 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅಲ್ಲಿಗೆ ಭೇಟಿಯಿತ್ತರು. 2017ರಲ್ಲಿ ಬಲ್ಬೀರ್ ಸಿಂಗ್ ಸೀಚೇವಾಲರಿಗೆ ಪದ್ಮಶ್ರೀ ದೊರೆಯಿತು.

ಆದರೆ ಸನ್ಮಾನಗಳಿಗಿಂತ ಮುಖ್ಯವಾದುದು ಸೋಲಿನ ಭಾಗ. ಶುದ್ಧವಾಯಿತೆಂದ ಹೊಳೆಯಲ್ಲಿಯೂ ಹರಿವು ತಗ್ಗಿ, ಕೊಳಚೆ ನುಗ್ಗಿ, ಮೀನುಗಳು ಸತ್ತು ತೇಲಿದ ವರ್ಷಗಳುಂಟು. ಒಳಗಿನದನ್ನು ಎತ್ತಿಹಾಕುವುದಷ್ಟೇ ಸರೋವರದ ಪದ್ಧತಿ. ಹೊಳೆಗೆ ಬೇಕಾದದ್ದು ಮೇಲಿನಿಂದ ಬರುವುದನ್ನು ತಡೆಯುವ ಕ್ರಮ. ‘ಸೀಚೇವಾಲ್ ಮಾದರಿ’ ಎಂದು ಹೆಸರಾದ ಗ್ರಾಮ ಚರಂಡಿ ವ್ಯವಸ್ಥೆ ಹುಟ್ಟಿದ್ದು ಈ ಕೊರತೆಯಿಂದ. ಮನೆಗಳ ಕೊಳಚೆಯನ್ನು ಕೊಳವೆಯಲ್ಲಿ ಊರಾಚೆಗೆ ಒಯ್ದು, ಸಾಲಾಗಿ ಕಟ್ಟಿದ ಬಾವಿಗಳಲ್ಲಿ ಮಣ್ಣನ್ನೂ ಜಿಡ್ಡನ್ನೂ ಬೇರ್ಪಡಿಸಿ, ಕೊಳದಲ್ಲಿ ಬಿಸಿಲಿಗೆ ಬಿಟ್ಟು, ಕಡೆಗೆ ಹೊಲಕ್ಕೆ ಹಾಯಿಸುವುದು ಇದರ ಕ್ರಮ. ನೀರು ಗೋಧಿಯ ಹೊಲಕ್ಕೆ ಹೋಗುವುದರಿಂದ ರೈತನಿಗೂ ಇದರಲ್ಲಿ ಪಾಲುಂಟು. ಚರಂಡಿಗೆ ಚೀಲ ಎಸೆದವನು ಅಂದಿನಿಂದ ದೂರದ ಹೊಳೆಗೆ ಮಾತ್ರವಲ್ಲ, ನೆರೆಯವನ ಕಾಲುವೆಗೂ ಅಡ್ಡಿಮಾಡಿದವನಾದ.

ಬಾವಿಗಳಿಗಿಂತ ಮುಂಚೆ ಒಂದು ಜಾಲರಿ ಇರುತ್ತದೆ. ಹಾಲಿನ ಪೊಟ್ಟಣ, ಗುಟ್ಕಾದ ಚೀಟಿ, ತೆಳು ಕ್ಯಾರಿಬ್ಯಾಗುಗಳು ನೀರಿನೊಡನೆ ಬಂದು ಅಲ್ಲಿ ಅಂಟಿಕೊಳ್ಳುತ್ತವೆ. ಎರಡು ದಿನ ತೆಗೆಯದಿದ್ದರೆ ಚರಂಡಿ ಹಿಂದಕ್ಕೆ ಉಕ್ಕಿ ಬೀದಿಗೆ ಬರುವುದರಿಂದ, ಊರಿನ ಯಾರಾದರೊಬ್ಬರು ಕೋಲು ಹಿಡಿದು ಅದರ ಮುಂದೆ ನಿಲ್ಲಲೇಬೇಕಾಗುತ್ತದೆ.