ಫ್ರೆಂಚರು ಬಂದಿದ್ದರು, ಫ್ರೆಂಚ್ ಉಳಿಯಲಿಲ್ಲ

ಕೆಲವು ತಿಂಗಳಿಂದ ನನಗೆ ಫ್ರೆಂಚ್ ಕಲಿಯೋ ಹುಚ್ಚು ಹತ್ತಿದೆ. ಪಿಯೆರ್ ಅಂದರೆ ಕಲ್ಲು, ಮ್ಯುರ್ ಅಂದರೆ ಗೋಡೆ, ಪೊರ್ತ್ ಅಂದರೆ ಬಾಗಿಲು... ಇಷ್ಟು ಬಾಯಿಪಾಠ ಆಗುತ್ತಲೇ ನಮ್ಮ ಕೊಪ್ಪಳದ ಕೋಟೆ ನೆನಪಾಯಿತು. ಯಾಕೆ ಅಂತೀರಾ? ಆ ಕೋಟೆಗೂ ಫ್ರೆಂಚರಿಗೂ ನಂಟಿದೆ.

1786ರಲ್ಲಿ ಟಿಪ್ಪು ಸುಲ್ತಾನ ಅದನ್ನು ಪಾಳೆಯಗಾರನೊಬ್ಬನಿಂದ ಗೆದ್ದು, ಫ್ರೆಂಚ್ ಇಂಜಿನಿಯರುಗಳ ನೆರವಿನಿಂದ ಭದ್ರಪಡಿಸಿದ. ಎಷ್ಟು ಭದ್ರ ಅಂದರೆ, 1790ರಲ್ಲಿ ನಿಜಾಮ ಮತ್ತು ಬ್ರಿಟಿಷರ ಸೈನ್ಯ ಮುತ್ತಿಗೆ ಹಾಕಿದರೂ ಕೋಟೆ ಶರಣಾಗಿದ್ದು 1791ರಲ್ಲಿ. ತಮಾಷೆ ನೋಡಿ, ನಿಜಾಮನ ಹತ್ತಿರವೂ ಫ್ರೆಂಚರಿದ್ದರು! ರೇಮಂಡ್ ಎಂಬಾತ ಹೈದರಾಬಾದಿನಲ್ಲಿ ದೊಡ್ಡ ಪಡೆಯನ್ನೇ ಕಟ್ಟಿದ್ದ. 1798ರ ಮಾರ್ಚಿನಲ್ಲಿ ಆತ ತೀರಿಕೊಂಡ. ಅದೇ ಅಕ್ಟೋಬರಿನಲ್ಲಿ ಬ್ರಿಟಿಷರು ಆ ಪಡೆಯನ್ನು ಬರ್ಖಾಸ್ತು ಮಾಡಿಸಿದರು. ಮರುವರ್ಷ ಶ್ರೀರಂಗಪಟ್ಟಣವೂ ಬಿತ್ತು. ಅಲ್ಲಿಗೆ ನಮ್ಮ ಕಡೆ ಫ್ರೆಂಚರ ಕಥೆ ಮುಗಿಯಿತು.

ಈಗ ಸ್ವಲ್ಪ ವ್ಯಾಕರಣ. ಫ್ರೆಂಚ್ ಭೂತಕಾಲ ಕಷ್ಟ ಅಂತಾರೆ, ಆದರೆ ಕನ್ನಡಿಗರಿಗೆ ಅಷ್ಟೇನೂ ಅಪರಿಚಿತ ಅಲ್ಲ. ನಾವು 'ಬಂದು' ಜೊತೆ 'ಇರು' ಸೇರಿಸಿ 'ಬಂದಿದ್ದೇನೆ' ಅನ್ನುತ್ತೇವೆ. ಅವರೂ 'ಬರು' ಕ್ರಿಯಾಪದಕ್ಕೆ 'ಇರು' ಸೇರಿಸಿ 'ಜ ಸ್ವಿ ವೆನ್ಯು' ಅನ್ನುತ್ತಾರೆ. ಆದರೆ 'ಕಟ್ಟು' ಅನ್ನೋದಕ್ಕೆ ಬೇರೆ ಸಹಾಯಕ ಪದ ಬೇಕು. 'ಹೊಂದಿರು' ಎಂಬರ್ಥದ ಅವ್ವಾರ್. 'ಇಲ್‌ಜೋಂ ಬಾತಿ' ಅಂದರೆ ಕಟ್ಟಿದರು, ಕೆಲಸ ಮುಗೀತು. 'ಇಲ್ ಬಾತಿಸೆ' ಅಂದರೆ ಕಟ್ಟುತ್ತಿದ್ದರು. ಚರಿತ್ರೆ ಪುಸ್ತಕಗಳಿಗೆ ಮೊದಲನೆಯದೇ ಪ್ರೀತಿ: ಟಿಪ್ಪು ಗೆದ್ದ, ಇಂಜಿನಿಯರುಗಳು ಕಟ್ಟಿದರು. ಬಿಸಿಲಲ್ಲಿ ಕಲ್ಲು ಒಡೆಯುತ್ತಿದ್ದವರು, ಹೊರುತ್ತಿದ್ದವರು ಎರಡನೆಯದರಲ್ಲಿ ಅಡಗಿದ್ದಾರೆ.

ಸರಿ, ಇಷ್ಟು ನಂಟಿದ್ದೂ ನಮ್ಮ ಆಡುಮಾತಲ್ಲಿ ಆ ಫ್ರೆಂಚರು ಬಿಟ್ಟುಹೋದ ಪದ ಯಾವುದಿದೆ? ನನಗೆ ಒಂದೂ ಹೊಳೆಯುತ್ತಿಲ್ಲ. ಅದೇ ಪಾರ್ಸಿ-ಉರ್ದು ನೋಡಿ. ತಹಶೀಲ್ದಾರ, ಜಮೀನು, ದಫ್ತರ, ಅರ್ಜಿ, ವಕೀಲ... ಮೇಲೆ ನಾನೇ ಬರೆದ 'ಬರ್ಖಾಸ್ತು' ಕೂಡ! ಆದಿಲ್‌ಶಾಹಿ ಕಾಲದಲ್ಲಿ ದರಬಾರಿನಲ್ಲಿ ಪಾರ್ಸಿ ಇತ್ತು. 1948ರವರೆಗೂ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕೊಪ್ಪಳ, ಯಲಬುರ್ಗಾಗಳಂತೂ ಸಾಲಾರ್ ಜಂಗರ ಜಾಗೀರು. ಕಚೇರಿಯಲ್ಲಿ ಉರ್ದು, ಶಾಲೆಯಲ್ಲೂ ಉರ್ದು. ಹೊಲದ ಕಾಗದ ಬೇಕೆಂದರೆ ರೈತನಿಗೂ ನಾಲ್ಕು ಉರ್ದು ಪದ ಗೊತ್ತಿರಬೇಕಿತ್ತು.

ಫ್ರೆಂಚರು ಕೋಟೆ ಕಟ್ಟಿದರು, ಉರ್ದು ಕಾಗದ ಬರೆಯಿತು. ಕೋಟೆ ಬೆಟ್ಟದ ಮೇಲೆ ಉಳಿಯಿತು, ಕಾಗದದ ಮಾತು ನಾಲಿಗೆಯ ಮೇಲೆ ಉಳಿಯಿತು. ಭಾಷೆ ಬದುಕೋದು ದಿನದ ಕೊಡು-ಕೊಳ್ಳುವಿಕೆಯಲ್ಲಿ. ನವೆಂಬರ್ ಒಂದಕ್ಕೆ ಬಾವುಟ ಹಾರಿಸಿ, ಬ್ಯಾಂಕಿನ ಅರ್ಜಿ ಇಂಗ್ಲಿಷಿನಲ್ಲಿ ತುಂಬುವ ನಾವು ಕನ್ನಡವನ್ನು ಎಲ್ಲಿಡುತ್ತಿದ್ದೇವೆ, ಬೆಟ್ಟದ ಮೇಲೋ ನಾಲಿಗೆಯ ಮೇಲೋ? ನೀವೇನಂತೀರಿ?