ಎಲೆಯುದುರುವ ಕಾಲದ ಹದಿನಾಲ್ಕು ದಿನಗಳು

ಕ್ರಿ.ಶ. 1863ರಲ್ಲಿ ಎಲೆಯುದುರುವ ಕಾಲ ಮುಗಿಯುತ್ತ ಬಂದಾಗ, ಅಮೆರಿಕ ಸಂಯುಕ್ತ ಸಂಸ್ಥಾನ ಒಂದೇ ದೇಶವಾಗಿ ಉಳಿದೀತೆಂದು ಆಣೆಯಿಟ್ಟು ಹೇಳಬಲ್ಲವರು ಯಾರೂ ಇರಲಿಲ್ಲ. ಗುಲಾಮಗಿರಿಯನ್ನು ಬಿಡಲೊಲ್ಲದ ದಕ್ಷಿಣದ ಹನ್ನೊಂದು ರಾಜ್ಯಗಳು ಒಕ್ಕೂಟದಿಂದ ಸಿಡಿದು ತಮ್ಮದೇ ಸರ್ಕಾರ ಕಟ್ಟಿಕೊಂಡಿದ್ದವು. ಯುದ್ಧ ಮೂರನೆಯ ವರ್ಷಕ್ಕೆ ಕಾಲಿಟ್ಟಿತ್ತು. ಆ ವರ್ಷದ ಜನವರಿ 1ರಂದು ಅಧ್ಯಕ್ಷ ಅಬ್ರಹಾಂ ಲಿಂಕನ್, ಬಂಡಾಯದ ಹಿಡಿತದಲ್ಲಿದ್ದ ಪ್ರದೇಶಗಳ ಗುಲಾಮರೆಲ್ಲ ಇನ್ನು ಸ್ವತಂತ್ರರೆಂದು ಘೋಷಿಸಿದ್ದನು. ಘೋಷಣೆ ಕಾಗದ ಬಿಟ್ಟು ನೆಲಕ್ಕೆ ಇಳಿಯಬೇಕಾದರೆ ಯುದ್ಧವನ್ನು ಗೆಲ್ಲಬೇಕಿತ್ತು.

ಅಂಥ ಹೊತ್ತಿನಲ್ಲಿ, ನವೆಂಬರ್ 19ರಿಂದ ಡಿಸೆಂಬರ್ 2ರವರೆಗಿನ ಹದಿನಾಲ್ಕು ದಿನಗಳೊಳಗೆ, ಅಮೆರಿಕನ್ನರು ಇಂದಿಗೂ ನೆನೆಯುವ ಮೂರು ದಿನಗಳು ಬಂದುಹೋದವು. ಒಂದು ಗೆಟಿಸ್‌ಬರ್ಗ್ ಭಾಷಣದ ದಿನ. ಇನ್ನೊಂದು ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಮತ್ತೊಂದು, ವಾಷಿಂಗ್ಟನ್ನಿನ ಕ್ಯಾಪಿಟಲ್ ಭವನದ ಗುಮ್ಮಟದ ಮೇಲೆ ಸ್ವಾತಂತ್ರ್ಯದ ಪ್ರತಿಮೆ ಪೂರ್ಣವಾಗಿ ನಿಂತ ದಿನ. ಈ ಮೂರನ್ನೂ ಲಿಂಕನ್ನನ ಹೆಸರಿಗೆ ಸೇರಿಸಿ ಹೇಳುವುದು ವಾಡಿಕೆ. ಅವನ ಹಿರಿಮೆಯನ್ನು ಕುಂದಿಸುವ ಇಚ್ಛೆ ನನಗಿಲ್ಲ. ಆದರೆ ಆ ದಿನಗಳು ತಾವಾಗಿ ಬರಲಿಲ್ಲ. ಅಗೆದವರು, ಹೊತ್ತವರು, ಬರೆದವರು, ಬೆಂಕಿ ಕಾಯ್ದವರು ಇದ್ದರು. ಚರಿತ್ರೆಯಲ್ಲಿ ಅವರಿಗೂ ಪಾಲು ಸಲ್ಲಬೇಕು.

ಪೆನ್ಸಿಲ್ವೇನಿಯದ ಗೆಟಿಸ್‌ಬರ್ಗ್ ಸುಮಾರು 2,400 ಜನರಿದ್ದ ಊರು. ಜುಲೈ 1ರಿಂದ 3ರವರೆಗೆ ಅದರ ಸುತ್ತಲಿನ ಹೊಲ, ತೋಟ, ದಿಬ್ಬಗಳ ಮೇಲೆ ನಡೆದ ಕಾಳಗದಲ್ಲಿ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಮತ್ತು ಸೆರೆಸಿಕ್ಕವರ ಸಂಖ್ಯೆ ಐವತ್ತು ಸಾವಿರದ ಆಸುಪಾಸು. ದಂಡುಗಳು ಹೊರಟುಹೋದವು. ಹೆಣಗಳು ಊರಿಗೆ ಉಳಿದವು. ಬಿದ್ದಲ್ಲೇ ಅಂಗೈಯಾಳದ ಮಣ್ಣು ಮುಚ್ಚಿದ್ದ ಸಾವಿರಾರು ದೇಹಗಳು ಬೇಸಿಗೆಯ ಮಳೆಗೆ ಮೇಲೆ ಬಂದವು. ಊರಿನ ಯುವ ವಕೀಲ ಡೇವಿಡ್ ವಿಲ್ಸ್ ರಾಜ್ಯಪಾಲ ಆಂಡ್ರ್ಯೂ ಕರ್ಟಿನ್‌ಗೆ ಪತ್ರ ಬರೆದು, ಸತ್ತ ಸೈನಿಕರಿಗೆ ಮರ್ಯಾದೆಯ ಒಂದು ಸ್ಮಶಾನವಾಗಬೇಕೆಂದು ಕೇಳಿದನು. ಅನುಮತಿ ಸಿಕ್ಕಿತು, 17 ಎಕರೆ ನೆಲ ಕೊಂಡದ್ದೂ ಆಯಿತು.

ಸ್ಮಶಾನದ ನಕ್ಷೆ ಬರೆದವನು ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ತೋಟಗಾರಿಕೆಯ ನಿಪುಣ ವಿಲಿಯಂ ಸಾಂಡರ್ಸ್. ಅವನು ಸಮಾಧಿಗಳನ್ನು ಅರ್ಧವೃತ್ತವಾಗಿ, ರಾಜ್ಯಕ್ಕೊಂದು ಪಾಲಿನಂತೆ ಹಂಚಿದನು. ಅಧಿಕಾರಿಗೆ ದೊಡ್ಡ ಕಲ್ಲು, ಕಾಲಾಳಿಗೆ ಸಣ್ಣ ಕಲ್ಲು ಎಂಬ ಭೇದವನ್ನು ಅವನು ಇಡಲಿಲ್ಲ. ಒಂದೇ ಎತ್ತರದ ಕಲ್ಲುಗಳು, ಒಂದೇ ಸಾಲು. ಲಿಂಕನ್ ಸಮಾನತೆಯ ಮಾತನ್ನು ಅಲ್ಲಿ ನಿಂತು ಆಡುವ ಮೊದಲೇ ಸಾಂಡರ್ಸ್ ಅದನ್ನು ನೆಲದ ಮೇಲೆ ಗೆರೆಯೆಳೆದು ತೋರಿಸಿದ್ದನೆಂದು ನನ್ನ ಎಣಿಕೆ.

ಇನ್ನು ಅಗೆಯುವ ಕೆಲಸ. ಹೆಣಕ್ಕೆ 1 ಡಾಲರ್ 59 ಸೆಂಟ್‌ನಂತೆ ಗುತ್ತಿಗೆ ಕೊಡಲಾಯಿತು. ಅಕ್ಟೋಬರ್ ಕೊನೆಯ ವಾರದಲ್ಲಿ ಕೆಲಸ ಆರಂಭವಾಯಿತು. ಮೇಲ್ವಿಚಾರಣೆಗೆ ನಿಂತವನು ಊರಿನವನೇ ಆದ ಸ್ಯಾಮ್ಯುಯೆಲ್ ವೀವರ್. ಪ್ರತಿಯೊಂದು ಗುಂಡಿ ತೆರೆಯುವಾಗಲೂ ಅವನು ಎದುರಿಗಿರುತ್ತಿದ್ದನು. ಕಬ್ಬಿಣದ ಕೊಕ್ಕೆ ಹಿಡಿದು ಸತ್ತವರ ಜೇಬುಗಳನ್ನು ಶೋಧಿಸುವನು. ಬಟ್ಟೆಯ ನೂಲು, ಪಾದರಕ್ಷೆಯ ಬಗೆ ನೋಡಿ ಇವನು ಉತ್ತರದವನು, ಇವನು ದಕ್ಷಿಣದವನು ಎಂದು ತೀರ್ಮಾನಿಸುವನು. ಸಿಕ್ಕಿದ ಬೈಬಲ್, ಕಾಗದ, ಉಂಗುರ, ಪುಡಿಕಾಸುಗಳನ್ನು ಕಟ್ಟಿ ಹೆಸರು ಬರೆದಿಟ್ಟನು, ಮನೆಯವರು ಕೇಳಿಕೊಂಡು ಬಂದರೆ ಕೊಡಲೆಂದು. ಹೀಗೆ ಎತ್ತಿ ಹೂಳಿದ ದೇಹಗಳು ಮೂರು ಸಾವಿರದ ಮುನ್ನೂರಕ್ಕೂ ಹೆಚ್ಚು. ಅವುಗಳಲ್ಲಿ ಸುಮಾರು ಸಾವಿರದ ಗುರುತು ಹತ್ತಲೇ ಇಲ್ಲ. ದಕ್ಷಿಣದ ಸೈನಿಕರಿಗೆ ಆ ಸ್ಮಶಾನದಲ್ಲಿ ಎಡೆಯಿರಲಿಲ್ಲ. 1870ರ ದಶಕದಲ್ಲಿ ಅವರ ಅಸ್ಥಿಗಳನ್ನು ರಿಚ್ಮಂಡ್ ಮೊದಲಾದ ಕಡೆಗೆ ಒಯ್ದು ಹೂಳಲಾಯಿತು. ಆ ಕೆಲಸ ಮಾಡಿದವನು ವೀವರನ ಮಗನೇ.

ವೀವರನ ಕಣ್ಣೆದುರು ಅಗೆದವರಾದರೂ ಯಾರು? ಬಹುಪಾಲು ಕಪ್ಪು ಜನ. ಅವರ ಮುಂದಾಳು ಬ್ಯಾಸಿಲ್ ಬಿಗ್ಸ್. ಮೇರಿಲ್ಯಾಂಡಿನಲ್ಲಿ ಸ್ವತಂತ್ರನಾಗಿಯೇ ಹುಟ್ಟಿದ ಬಿಗ್ಸ್, ಮಕ್ಕಳಿಗೆ ವಿದ್ಯೆ ದಕ್ಕಲೆಂದು 1858ರಲ್ಲಿ ಗಡಿ ದಾಟಿ ಗೆಟಿಸ್‌ಬರ್ಗ್ ಸೇರಿ ಗೇಣಿ ಬೇಸಾಯ ಹಿಡಿದಿದ್ದನು. ದಕ್ಷಿಣದ ದಂಡು ಬರುತ್ತಿದೆಯೆಂದು ತಿಳಿದಾಗ ಊರಿನ ಕಪ್ಪು ಕುಟುಂಬಗಳು ಮನೆಮಠ ಬಿಟ್ಟು ಓಡಿದವು. ಕಾರಣ ಸ್ಪಷ್ಟ: ಆ ದಂಡಿನವರು ದಾರಿಯುದ್ದಕ್ಕೂ ಕಪ್ಪು ಗಂಡಸರು, ಹೆಂಗಸರು, ಮಕ್ಕಳನ್ನು ಹಿಡಿದು ಗುಲಾಮಗಿರಿಗೆ ಸಾಗಿಸುತ್ತಿದ್ದರು. ಬಿಗ್ಸ್ ಮರಳಿ ಬರುವಷ್ಟರಲ್ಲಿ ಅವನ ಮನೆ ಶತ್ರುಗಳ ಆಸ್ಪತ್ರೆಯಾಗಿ ಬಳಕೆಯಾಗಿತ್ತು, ಬೆಳೆಯಿಲ್ಲ, ದನಕರುಗಳಿಲ್ಲ. ಹಾಗೆ ಎಲ್ಲವನ್ನೂ ಕಳೆದುಕೊಂಡವನು ಎರಡು ಕುದುರೆಯ ಬಂಡಿ ಹೂಡಿ, ಒಂದು ಸಾರಿಗೆ ಒಂಬತ್ತು ಶವಪೆಟ್ಟಿಗೆಗಳನ್ನು ಹೇರಿಕೊಂಡು, ಆ ಗುಡ್ಡ ಹತ್ತಿಳಿದನು. ಆ ದುಡಿಮೆ ಅವನಿಗೆ ನೆಲೆ ಕೊಟ್ಟಿತು. ಮುಂದೆ ರಣರಂಗದ ನಡುವೆಯೇ ಹೊಲ ಕೊಂಡನು. ಆದರೂ, ಒಕ್ಕೂಟಕ್ಕಾಗಿ ಕಾದಿದ ಊರಿನ ಕಪ್ಪು ಸೈನಿಕರಿಗೆ, ಅವನು ಅಗೆದ ಸ್ಮಶಾನದಲ್ಲಿ ಎಡೆ ಸಿಗಲಿಲ್ಲ. ಬಿಗ್ಸ್ ಮತ್ತು ಅವನ ನೆರೆಯವರು ಸಂಘ ಕಟ್ಟಿ ಬೇರೊಂದು ನೆಲವನ್ನು ಕೊಂಡುಕೊಂಡರು. ಅದಕ್ಕೆ ಈಗ ಲಿಂಕನ್ ಸ್ಮಶಾನವೆಂದು ಹೆಸರು.

ಸಮರ್ಪಣೆಯ ಸಮಾರಂಭ ಅಕ್ಟೋಬರ್ 23ಕ್ಕೆ ಆಗಬೇಕಿತ್ತು. ಮುಖ್ಯ ಭಾಷಣಕಾರ ಎಡ್ವರ್ಡ್ ಎವರೆಟ್ ಸಿದ್ಧತೆಗೆ ಕಾಲ ಸಾಲದೆಂದದ್ದರಿಂದ ನವೆಂಬರ್ 19 ಗೊತ್ತಾಯಿತು. ಎವರೆಟ್ ಮ್ಯಾಸಚೂಸೆಟ್ಸಿನ ರಾಜ್ಯಪಾಲನಾಗಿದ್ದವನು, ಹಾರ್ವರ್ಡಿನ ಅಧ್ಯಕ್ಷನಾಗಿದ್ದವನು, ತನ್ನ ಕಾಲದ ಮಹಾ ವಾಗ್ಮಿ. ಲಿಂಕನ್ನನಿಗೆ ವಿಲ್ಸ್ ಆಹ್ವಾನ ಬರೆದದ್ದು ನವೆಂಬರ್ 2ರಂದು. ವಿಧ್ಯುಕ್ತವಾಗಿ ನಾಲ್ಕು ಮಾತು ಆಡಬೇಕೆಂದಷ್ಟೇ ಕೋರಿಕೆ. ಲಿಂಕನ್ನನ ಮನೆಯಲ್ಲಿ ಕಿರಿಯ ಮಗ ಟ್ಯಾಡ್ ಕಾಯಿಲೆ ಮಲಗಿದ್ದನು. ಹಿಂದಿನ ವರ್ಷವಷ್ಟೇ ಇನ್ನೊಬ್ಬ ಮಗ ವಿಲಿಯನ್ನು ಕಳೆದುಕೊಂಡಿದ್ದ ತಾಯಿ ಮೇರಿ, ಹೋಗಬೇಡವೆಂದು ಹಟ ಹಿಡಿದಳು. ಅವನು ಹೊರಟೇಬಿಟ್ಟನು. ರೈಲಿನಲ್ಲಿ ಕೂತು ಲಕೋಟೆಯ ಹಿಂಬದಿಯಲ್ಲಿ ಭಾಷಣ ಗೀಚಿದನೆಂಬ ಕಥೆ ಶಾಲೆಯ ಮಕ್ಕಳ ಬಾಯಲ್ಲೂ ಇದೆ. ಅದು ನಿಜವಲ್ಲ. ಉಳಿದಿರುವ ಕರಡಿನ ಮೊದಲ ಹಾಳೆ ಅಧ್ಯಕ್ಷರ ಭವನದ ಮುದ್ರೆಯಿರುವ ಕಾಗದ. ಮಸಿಯಲ್ಲಿ, ನಿಧಾನವಾಗಿ, ತೂಗಿ ಬರೆದ ಅಕ್ಷರ.

ಆ ದಿನ ಸುಮಾರು ಹದಿನೈದು ಸಾವಿರ ಜನ ಸೇರಿದ್ದರು. ಲಿಂಕನ್ ಮೆರವಣಿಗೆಯಲ್ಲಿ ಕುದುರೆಯೇರಿ ಬಂದನು; ಟೋಪಿಗೆ ಮಗನ ಸಾವಿನ ಕಪ್ಪು ಪಟ್ಟಿ. ಆಗ ಇನ್ನೂ ಮೂರರಲ್ಲಿ ಎರಡು ಪಾಲು ಹೆಣಗಳು ಹೊಲಗಳಲ್ಲೇ ಇದ್ದವು. ಎವರೆಟ್ ಎರಡು ಗಂಟೆ ಕಾಲ, ಕಾಗದದತ್ತ ನೋಡದೆ, ಪ್ರಾಚೀನ ಅಥೆನ್ಸಿನವರು ತಮ್ಮ ವೀರರನ್ನು ಹೂಳಿದ ಬಗೆಯಿಂದ ತೊಡಗಿ ಮೂರು ದಿನಗಳ ಕಾಳಗವನ್ನೆಲ್ಲ ವರ್ಣಿಸಿದನು. ಬಳಿಕ ಲಿಂಕನ್ ಎದ್ದು ಸುಮಾರು 270 ಪದಗಳನ್ನು ಎರಡೇ ನಿಮಿಷದಲ್ಲಿ ಓದಿ ಕುಳಿತನು. ಆ ಮಾತಿನಲ್ಲಿ ಗೆಟಿಸ್‌ಬರ್ಗ್ ಎಂಬ ಹೆಸರಿಲ್ಲ, ಶತ್ರುವಿನ ಹೆಸರಿಲ್ಲ, ಗುಲಾಮಗಿರಿ ಎಂಬ ಪದವೂ ಇಲ್ಲ. ಅದರ ಬಲ ವರ್ಷಗಳ ಲೆಕ್ಕದಲ್ಲಿದೆ. ದೇಶ ಹುಟ್ಟಿ 87 ವರ್ಷವಾಯಿತೆಂದು ಅವನು ಎಣಿಸಿದನು, ಹಾಗೆಂದರೆ 1776. ಗುಲಾಮಗಿರಿಗೆ ಎಡೆಗೊಟ್ಟ 1787ರ ಸಂವಿಧಾನವನ್ನು ದಾಟಿ, ಮನುಷ್ಯರೆಲ್ಲ ಸಮಾನರಾಗಿ ಸೃಷ್ಟಿಯಾದವರೆಂದು ಸಾರಿದ ಸ್ವಾತಂತ್ರ್ಯ ಘೋಷಣೆಯೇ ರಾಷ್ಟ್ರದ ಜನ್ಮಪತ್ರವೆಂದು ಹಿಡಿದನು. ವಿರೋಧಿ ಪತ್ರಿಕೆಗಳಿಗೆ ಇದು ಕೂಡಲೇ ಅರ್ಥವಾಯಿತು; ಅಧ್ಯಕ್ಷ ಸಂವಿಧಾನಕ್ಕೆ ದ್ರೋಹ ಬಗೆದನೆಂದು ಷಿಕಾಗೋದ ಪತ್ರಿಕೆಯೊಂದು ಕಿಡಿಕಾರಿತು. ಹ್ಯಾರಿಸ್‌ಬರ್ಗಿನ ಒಂದು ಪತ್ರಿಕೆ ಭಾಷಣವನ್ನು ಕ್ಷುಲ್ಲಕವೆಂದು ತಳ್ಳಿಹಾಕಿತು. 150 ವರ್ಷ ತುಂಬಿದ 2013ರ ನವೆಂಬರಿನಲ್ಲಿ ಅದರ ಉತ್ತರಾಧಿಕಾರಿ ಪತ್ರಿಕೆ ಆ ತೀರ್ಪನ್ನು ಹಿಂತೆಗೆದುಕೊಂಡಿತು. ಎವರೆಟ್ ಮಾತ್ರ ಕಾಯಲಿಲ್ಲ. ತಾನು ಎರಡು ಗಂಟೆಯಲ್ಲಿ ಮುಟ್ಟಲಾಗದ ತಿರುಳನ್ನು ನೀವು ಎರಡು ನಿಮಿಷದಲ್ಲಿ ಮುಟ್ಟಿದಿರಿ ಎಂಬ ಅರ್ಥದ ಪತ್ರವನ್ನು ಮಾರನೆಯ ದಿನವೇ ಬರೆದನು. ಆ ವಯಸ್ಸಿನ, ಆ ಕೀರ್ತಿಯ ಮನುಷ್ಯನೊಬ್ಬ ಹೀಗೆ ಬರೆಯುವುದು ಸಣ್ಣ ಮಾತಲ್ಲ.

ಮರಳುವ ರೈಲಿನಲ್ಲಿ ಲಿಂಕನ್ನನಿಗೆ ಜ್ವರವೇರಿತು. ಅದು ಸಿಡುಬಿನ ಸೌಮ್ಯ ರೂಪವೆಂದು ವೈದ್ಯರು ಹೇಳಿದರು. ಜೊತೆಯಲ್ಲಿದ್ದು ಆರೈಕೆ ಮಾಡಿದವನು ವಿಲಿಯಂ ಜಾನ್ಸನ್. ಲಿಂಕನ್ನನ ಊರಾದ ಸ್ಪ್ರಿಂಗ್‌ಫೀಲ್ಡಿನಿಂದಲೂ ಅವನ ಜೊತೆಗೇ ಬಂದಿದ್ದ ಕಪ್ಪು ಸೇವಕ ಅವನು. ಅವನ ಮೈಬಣ್ಣ ಹೆಚ್ಚು ಕಪ್ಪೆಂದು ಅಧ್ಯಕ್ಷರ ಭವನದ ಉಳಿದ ಸೇವಕರೇ ಆಕ್ಷೇಪಿಸಿದ್ದರಿಂದ ಲಿಂಕನ್ ಅವನಿಗೆ ಖಜಾನೆ ಇಲಾಖೆಯಲ್ಲಿ ಕೆಲಸ ಕೊಡಿಸಿದ್ದನು. ಅಧ್ಯಕ್ಷ ಗುಣಮುಖನಾದನು. ಜಾನ್ಸನ್ನನಿಗೂ ಸಿಡುಬು ಬಂತು. 1864ರ ಜನವರಿಯಲ್ಲಿ ತೀರಿಕೊಂಡನು.

ಲಿಂಕನ್ ಹಾಸಿಗೆ ಹಿಡಿದಿದ್ದ ಆ ವಾರದಲ್ಲೇ, ನವೆಂಬರ್ 25ರಂದು, ಟೆನೆಸಿಯ ಚಟನೂಗದ ಬಳಿ ಒಕ್ಕೂಟದ ದಂಡನಾಯಕ ಗ್ರಾಂಟನ ಸೈನ್ಯ ಮಿಷನರಿ ದಿಬ್ಬವನ್ನು ಗೆದ್ದ ಸುದ್ದಿ ಬಂತು. ಅದರ ಮರುದಿನ, ಗುರುವಾರ, ದೇಶದ ಹೊಸ ಹಬ್ಬ ಥ್ಯಾಂಕ್ಸ್‌ಗಿವಿಂಗ್.

ಈ ಹಬ್ಬದ ಹಿಂದೆ ಒಬ್ಬ ವಿಧವೆಯ ಹದಿನೇಳು ವರ್ಷಗಳ ಛಲವಿದೆ. 1788ರಲ್ಲಿ ನ್ಯೂ ಹ್ಯಾಂಪ್‌ಷೈರಿನಲ್ಲಿ ಹುಟ್ಟಿದ ಸಾರಾ ಜೋಸೆಫಾ ಹೇಲ್, 1822ರಲ್ಲಿ ಗಂಡನನ್ನು ಕಳೆದುಕೊಂಡಾಗ ಐದು ಮಕ್ಕಳ ತಾಯಿ. ಬರೆದು ಬದುಕಿದಳು. ನಮ್ಮ ಶಿಶುವಿಹಾರಗಳಲ್ಲೂ ಹಾಡಿಸುವ ಮೇರಿಯ ಕುರಿಮರಿಯ ಪದ್ಯವನ್ನು 1830ರಲ್ಲಿ ಪ್ರಕಟಿಸಿದವಳು ಇವಳೇ. ಮುಂದೆ ಗೋಡೀಸ್ ಲೇಡೀಸ್ ಬುಕ್ ಎಂಬ, ಆ ಕಾಲದಲ್ಲಿ ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಹೋಗುತ್ತಿದ್ದ ಮಹಿಳಾ ಪತ್ರಿಕೆಯ ಸಂಪಾದಕಿಯಾದಳು. ಸುಗ್ಗಿಯ ಬಳಿಕ ದೇವರಿಗೆ ಕೃತಜ್ಞತೆ ಹೇಳುವ ದಿನ ಆಗ ರಾಜ್ಯಕ್ಕೊಂದು ತಾರೀಖಿನಲ್ಲಿ ಆಗುತ್ತಿತ್ತು. ಕೆಲವೆಡೆ ಆಗುತ್ತಲೇ ಇರಲಿಲ್ಲ. ದೇಶವೆಲ್ಲ ಒಂದೇ ದಿನ ಒಂದೇ ಊಟಕ್ಕೆ ಕುಳಿತರೆ ಒಡೆಯುತ್ತಿರುವ ಮನಸ್ಸುಗಳು ಕೂಡಿಯಾವೆಂದು ಆಕೆ ನಂಬಿದ್ದಳು. ರಾಜ್ಯಪಾಲರಿಗೆ ಬರೆದಳು, ಒಬ್ಬರ ಮೇಲೊಬ್ಬರಂತೆ ಅಧ್ಯಕ್ಷರಿಗೆ ಬರೆದಳು. ಲಿಂಕನ್ನನಿಗೆ ಬರೆದದ್ದು 1863ರ ಸೆಪ್ಟೆಂಬರ್ 28ರಂದು. ಐದೇ ದಿನಕ್ಕೆ, ಅಕ್ಟೋಬರ್ 3ರಂದು, ಘೋಷಣೆ ಹೊರಟಿತು. ವಾಕ್ಯಗಳು ವಿದೇಶಾಂಗ ಮಂತ್ರಿ ಸೆವರ್ಡನವು. 1789ರಲ್ಲಿ ಜಾರ್ಜ್ ವಾಷಿಂಗ್ಟನ್ ಇಂಥದೇ ಘೋಷಣೆ ಹೊರಡಿಸಿದ್ದೂ ಅಕ್ಟೋಬರ್ 3ರಂದೇ, ಗೊತ್ತುಮಾಡಿದ್ದೂ ನವೆಂಬರ್ 26ರ ಗುರುವಾರವನ್ನೇ.

ಇಂಗ್ಲೆಂಡಿನಿಂದ ಬಂದು ಪ್ಲಿಮತ್ತಿನಲ್ಲಿ ನೆಲೆಸಿದ ಯಾತ್ರಿಕರಿಂದ ಈ ಹಬ್ಬ ಹುಟ್ಟಿತೆಂದು ಈಗ ಹೇಳುವುದುಂಟು; 1863ರ ಘೋಷಣೆಯಲ್ಲಿ ಅವರ ಸುಳಿವೇ ಇಲ್ಲ. ವಿಧವೆಯರು, ಅನಾಥರು, ಯುದ್ಧದಲ್ಲಿ ನೊಂದವರನ್ನು ನೆನೆಯಿರಿ ಎಂಬ ಕೋರಿಕೆಯಿದೆ. 1924ರಿಂದ ನ್ಯೂಯಾರ್ಕಿನಲ್ಲಿ ನಡೆದುಬಂದ ಮೇಸೀಸ್ ಅಂಗಡಿಯ ಮೆರವಣಿಗೆ, ಫುಟ್ಬಾಲ್ ಪಂದ್ಯ, ಇವೆಲ್ಲ ಆ ಶೋಕದ ದಿನಕ್ಕೆ ಮೆಲ್ಲಮೆಲ್ಲನೆ ಸೇರಿಕೊಂಡ ಸಂಭ್ರಮಗಳು. ನವೆಂಬರಿನ ನಾಲ್ಕನೆಯ ಗುರುವಾರವೆಂದು ಸಂಸತ್ತು ಕಾನೂನು ಮಾಡಿದ್ದು 1941ರಲ್ಲಿ. 1970ರಿಂದ ಅದೇ ಗುರುವಾರ ಪ್ಲಿಮತ್ತಿನ ಗುಡ್ಡದ ಮೇಲೆ ಮೂಲನಿವಾಸಿಗಳು ಸೇರಿ ಶೋಕದಿನವನ್ನು ಆಚರಿಸುತ್ತಾರೆ; ಯಾತ್ರಿಕರು ಬಂದಿಳಿದ 350ನೆಯ ವರ್ಷದ ಸಮಾರಂಭಕ್ಕೆ ಕರೆದು, ಆಡಬೇಕೆಂದಿದ್ದ ಮಾತು ಕಹಿಯೆಂದು ತಡೆಯಲ್ಪಟ್ಟ ವಾಂಪನೋಗ್ ಬುಡಕಟ್ಟಿನ ಮುಖಂಡ ವಾಮ್ಸುಟ್ಟ ಫ್ರಾಂಕ್ ಜೇಮ್ಸ್ ಅದನ್ನು ಆರಂಭಿಸಿದನು. ಆ ದಿನದ ಚರಿತ್ರೆ ಬರೆಯುವವರು ಇದನ್ನು ಬಿಟ್ಟರೆ ಅರ್ಧವನ್ನೇ ಬರೆದಂತೆ.

ಇನ್ನು ಡಿಸೆಂಬರ್ 2. ಕ್ಯಾಪಿಟಲಿನ ಗುಮ್ಮಟಕ್ಕಾಗಿ ಸ್ವಾತಂತ್ರ್ಯದ ಪ್ರತಿಮೆಯನ್ನು ರೋಮಿನಲ್ಲಿ ರೂಪಿಸಿದವನು ಶಿಲ್ಪಿ ಥಾಮಸ್ ಕ್ರಾಫರ್ಡ್. ಮೊದಲು ಅವನು ಪ್ರತಿಮೆಯ ತಲೆಗೆ, ಪ್ರಾಚೀನ ರೋಮಿನಲ್ಲಿ ಬಿಡುಗಡೆ ಹೊಂದಿದ ಗುಲಾಮರು ತೊಡುತ್ತಿದ್ದ ಟೋಪಿಯನ್ನು ಇಟ್ಟಿದ್ದನು. ಆಗಿನ ಯುದ್ಧಮಂತ್ರಿ ಆಕ್ಷೇಪಿಸಿದ್ದರಿಂದ ಅದು ಗರಿ ಮುಡಿದ ಶಿರಸ್ತ್ರಾಣವಾಯಿತು. ಆ ಮಂತ್ರಿ ಜೆಫರ್ಸನ್ ಡೇವಿಸ್, ಮುಂದೆ ಬಂಡಾಯದ ದಕ್ಷಿಣಕ್ಕೆ ಅಧ್ಯಕ್ಷನಾದವನು. ಕ್ರಾಫರ್ಡ್ 1857ರಲ್ಲಿ ತೀರಿಕೊಂಡನು. ಅವನ ಪ್ಲಾಸ್ಟರ್ ಮಾದರಿ ಸೋರುವ ಹಡಗಿನಲ್ಲಿ ಹೊರಟು, ಬರ್ಮುಡದಲ್ಲಿ ತಂಗಿ, 1859ರಲ್ಲಿ ವಾಷಿಂಗ್ಟನ್ ಸೇರಿತು. ಅದನ್ನು ಕಂಚಿನಲ್ಲಿ ಎರೆಯುವ ಕೆಲಸ ಕ್ಲಾರ್ಕ್ ಮಿಲ್ಸ್‌ನ ಎರಕದ ಶಾಲೆಗೆ ಬಂತು. ಆ ಶಾಲೆಯಲ್ಲಿ ಫಿಲಿಪ್ ರೀಡ್ ಎಂಬ ಗುಲಾಮನಿದ್ದನು. ಮಿಲ್ಸ್ ಅವನನ್ನು ದಕ್ಷಿಣ ಕೆರೊಲಿನದ ಚಾರ್ಲ್ಸ್‌ಟನ್ನಿನಲ್ಲಿ 1,200 ಡಾಲರಿಗೆ ಕೊಂಡಿದ್ದನು.

ಮಾದರಿಯನ್ನು ಜೋಡಿಸಿ ನಿಲ್ಲಿಸಿದ್ದ ಇಟಲಿಯ ಕುಶಲಕರ್ಮಿ, ಅದರ ಕೀಲುಗಳು ಎಲ್ಲಿವೆಯೆಂದು ತೋರಿಸಲು ಹೆಚ್ಚು ಹಣ ಕೇಳಿದನು. ರೀಡ್ ಒಂದು ಉಪಾಯ ಹೂಡಿದನು. ಪ್ರತಿಮೆಯ ನೆತ್ತಿಯ ಕಬ್ಬಿಣದ ಬಳೆಗೆ ಹಗ್ಗ ಬಿಗಿದು, ರಾಟೆಯಿಂದ ಮೆಲ್ಲಮೆಲ್ಲನೆ ಎಳೆಸಿದಾಗ ಬೆಸುಗೆಗಳು ಬಿರುಕುಬಿಟ್ಟು ಐದೂ ಭಾಗಗಳು ತಮ್ಮ ಗೆರೆಗಳನ್ನು ತೋರಿಕೊಟ್ಟವು. ಎರಕದ ತಿಂಗಳುಗಳಲ್ಲಿ ಅಚ್ಚುಗಳ ಅಡಿಯ ಬೆಂಕಿಯನ್ನು ಕಾಯುವ ಹೊಣೆಯೂ ಅವನದೇ. ದಿನಕ್ಕೆ 1.25 ಡಾಲರ್ ಕೂಲಿ. ವಾರದ ಆರು ದಿನಗಳ ಹಣ ಒಡೆಯನಿಗೆ; ಭಾನುವಾರದ್ದು ಮಾತ್ರ ದುಡಿದವನಿಗೆ. 33 ಭಾನುವಾರಗಳಿಗೆ 41.25 ಡಾಲರ್ ಪಡೆದು ರೀಡ್ ರಸೀದಿಗೆ ಗೀಟುಹಾಕಿದನು. 1862ರ ಏಪ್ರಿಲ್ 16ರಂದು ರಾಜಧಾನಿಯಲ್ಲಿ ಗುಲಾಮಗಿರಿ ರದ್ದಾಯಿತು; ಆ ಕಾನೂನಿನ ಪ್ರಕಾರ ಸರ್ಕಾರ ಪರಿಹಾರ ಕೊಟ್ಟದ್ದು ಮಿಲ್ಸ್‌ಗೆ. ಆದರೆ 1863ರ ಡಿಸೆಂಬರ್ 2ರಂದು, ಹತ್ತೊಂಬತ್ತೂವರೆ ಅಡಿಯ ಆ ಪ್ರತಿಮೆಯ ತಲೆ ಮತ್ತು ಭುಜದ ಭಾಗ ಮೇಲೇರಿದಾಗ, ಫಿಲಿಪ್ ರೀಡ್ ಯಾರ ಸೊತ್ತೂ ಆಗಿರಲಿಲ್ಲ. ಭಾಷಣಗಳಿರಲಿಲ್ಲ, ರಾಜ್ಯಕ್ಕೊಂದರಂತೆ 35 ತೋಪು ಹಾರಿದವು, ಒಡೆದುಹೋದ ರಾಜ್ಯಗಳನ್ನೂ ಎಣಿಕೆಗೆ ಹಿಡಿದು. ಊರ ಸುತ್ತಲಿನ ಹನ್ನೆರಡು ಕೋಟೆಗಳ ತೋಪುಗಳು ಮಾರ್ದನಿ ಕೊಟ್ಟವು.

ರೀಡ್ ಬಳಿಕ ಗಾರೆ ಕೆಲಸದವನಾಗಿ ಸ್ವಂತ ದುಡಿಮೆ ನಡೆಸಿದನು, 1892ರಲ್ಲಿ ತೀರಿಕೊಂಡನು. 2008ರ ಡಿಸೆಂಬರ್ 2ರಂದು ಕ್ಯಾಪಿಟಲಿನ ಸಂದರ್ಶಕರ ಕೇಂದ್ರ ತೆರೆಯಿತು. ಅದರ ದೊಡ್ಡ ಹಜಾರಕ್ಕೆ ವಿಮೋಚನೆಯ ಹೆಸರಿಟ್ಟಿದ್ದಾರೆ. ಅಲ್ಲಿ ನಿಲ್ಲಿಸಿರುವುದು ಅವನು ಹಗ್ಗ ಕಟ್ಟಿ ಬಿಡಿಸಿದ ಅದೇ ಪ್ಲಾಸ್ಟರ್ ಮಾದರಿ.