ಸುಗ್ಗಿ, ಸಂಬಳ, ಕಂತು

ಕಳೆದ ವರ್ಷ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆಯೊಂದನ್ನು ಕೆಳಗಿಳಿಸಿದೆವು. ಅದರೊಳಗೆ ನನ್ನ ತಂದೆಯವರ ಕಾರ್ಖಾನೆಯ ಬಿಲ್ಲೆ, ನಿಂತುಹೋದ ಒಂದು ಎಚ್.ಎಂ.ಟಿ. ಕೈಗಡಿಯಾರ, ಕೆಂಪು ರಟ್ಟಿನ ಉದ್ದನೆಯ ಒಂದು ಪುಸ್ತಕ ಇಷ್ಟು ಇದ್ದುವು. ಪುಸ್ತಕವೆಂದರೆ ಓದುವ ಪುಸ್ತಕವಲ್ಲ; ಶೆಟ್ಟರ ಅಂಗಡಿಯ ಲೆಕ್ಕದ ಪುಸ್ತಕ. ಅಕ್ಕಿ, ತೊಗರಿಬೇಳೆ, ಬೆಲ್ಲ, ಕಾಫಿಪುಡಿ, ಸೋಪು ಎಂದು ದಿನದಿನದ ಸಾಮಾನು ಅದರಲ್ಲಿ ಬರೆದಿದೆ. ತಿಂಗಳ ಮೊದಲಲ್ಲಿ ಒಂದು ಅಡ್ಡಗೆರೆ, ಗೆರೆಯ ಕೆಳಗೆ ‘ಪಾವತಿ’ ಎಂಬ ಮಾತು. ಆ ಗೆರೆಗಳನ್ನು ನೋಡುತ್ತ ಕುಳಿತಾಗ, ನಮ್ಮ ಊರಿನ ಹೊರವಲಯದ ಎಂಬತ್ತು ವರ್ಷಗಳ ಚರಿತ್ರೆ ಇದರಲ್ಲಿ ಅಡಗಿದೆಯೆಂದು ನನಗೆ ತೋರಿತು.

ವರಮಾನ ಹೆಚ್ಚಿದರೆ ಬದುಕುವ ರೀತಿ ಬದಲಾಗುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ಊಟ, ಉಡುಪು, ಮನೆ, ವಾಹನ ಇವೆಲ್ಲ ಕಣ್ಣಿಗೆ ಕಾಣುವ ಬದಲಾವಣೆಗಳು. ಇವುಗಳಿಗಿಂತ ಆಳದಲ್ಲಿ ಇನ್ನೆರಡು ಸಂಗತಿಗಳು ಬದಲಾಗುತ್ತವೆ. ಒಂದು, ಸಂಸಾರವು ಕಾಲವನ್ನು ಎಣಿಸುವ ಕ್ರಮ. ಇನ್ನೊಂದು, ಕಷ್ಟ ಬಂದಾಗ ಅದು ಯಾರ ಬಾಗಿಲು ತಟ್ಟುತ್ತದೆ ಎಂಬುದು. ಪೀಣ್ಯ, ಜಾಲಹಳ್ಳಿ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಡೆ ನಾನು ಕಂಡುದನ್ನೂ ಕೇಳಿದುದನ್ನೂ ಆಧರಿಸಿ ಈ ಎರಡು ಸಂಗತಿಗಳನ್ನು ಕುರಿತು ಕೆಲವು ಮಾತು ಹೇಳಬಯಸುತ್ತೇನೆ.

ಕಾರ್ಖಾನೆಗಳು ಬರುವ ಮುಂಚೆ ಇವೆಲ್ಲ ರಾಗಿಯ ಹೊಲ, ಕೆರೆಯ ಅಚ್ಚುಕಟ್ಟು, ಮಾವಿನ ತೋಪುಗಳ ಊರುಗಳು. ವರಮಾನ ವರ್ಷಕ್ಕೊಮ್ಮೆ. ಒಕ್ಕಣೆ ಮುಗಿದ ಮೇಲೆ ಸಾಲ ತೀರಬೇಕು, ಬಟ್ಟೆ ಬರಬೇಕು, ಮದುವೆ ನಡೆಯಬೇಕು. ಕಮ್ಮಾರ, ಕುಂಬಾರ, ಮಡಿವಾಳರಿಗೆ ಕಣದಲ್ಲಿಯೇ ಧಾನ್ಯ ಅಳೆದು ಕೊಡುತ್ತಿದ್ದರು. ವೈಟ್‌ಫೀಲ್ಡ್ ಕೂಡ ಹುಟ್ಟಿದ್ದು ಬೇಸಾಯದ ಊರಾಗಿಯೇ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನಿತ್ತರು. ಸಂಘವನ್ನು ಕಟ್ಟಿದ ಡಿ. ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ನೆಲವನ್ನು ಉತ್ತು ಬಿತ್ತಿ ಸ್ವಾವಲಂಬಿಗಳಾಗಿ ಬಾಳುವುದು ಅಂದಿನ ಉದ್ದೇಶ. ಹೀಗೆ ಹಳೆಯ ಊರಾಗಲಿ ಹೊಸ ಊರಾಗಲಿ, ಲೆಕ್ಕವೆಲ್ಲ ಸುಗ್ಗಿಯಿಂದ ಸುಗ್ಗಿಗೆ. ನಡುವೆ ಮಳೆ ತಪ್ಪಿದರೆ ಸಾಹುಕಾರನ ಜಗಲಿ.

ಈ ಎಣಿಕೆಯನ್ನು ಮೊದಲು ಮುರಿದದ್ದು ತಿಂಗಳ ಸಂಬಳ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆಯಾದ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಹೀಗೆ ಹದಿನೈದು ವರ್ಷಗಳೊಳಗೆ ನಗರದ ಅಂಚಿನಲ್ಲಿ ಸಾಲಾಗಿ ಕಾರ್ಖಾನೆಗಳು ಎದ್ದುವು. ನನ್ನ ತಂದೆಯವರು 1958ರಲ್ಲಿ ಮಾಗಡಿಯ ಕಡೆಯಿಂದ ಬಂದು ಜಾಲಹಳ್ಳಿಯ ಕಡೆಯ ಒಂದು ಕಾರ್ಖಾನೆಯನ್ನು ಸೇರಿದರು. ಸುದ್ದಿ ತಿಳಿದ ತಾತ ಕೇಳಿದರಂತೆ: “ತಿಂಗಳು ತಿಂಗಳೂ ಕೊಡ್ತಾರೇನಪ್ಪ? ಮಳೆ ಬರದೆ ಇದ್ರೂ ಕೊಡ್ತಾರ?”

ಆ ಪ್ರಶ್ನೆಗಿಂತ ಚೆನ್ನಾಗಿ ಯಾವ ಅರ್ಥಶಾಸ್ತ್ರಜ್ಞನೂ ಸಂಬಳದ ಮಹಿಮೆಯನ್ನು ಹೇಳಲಾರ. ತಂದೆಯವರ ಸಂಬಳ ದೊಡ್ಡದೇನಲ್ಲ. ಆದರೆ ಅದು ಮಳೆಯನ್ನು ಕೇಳುತ್ತಿರಲಿಲ್ಲ. ಸಂಬಳದ ದಿನ ಸಂಜೆ ಅಮ್ಮ ನೋಟುಗಳನ್ನು ನೆಲದ ಮೇಲೆ ಹರಡಿ ಪಾಲು ಮಾಡುತ್ತಿದ್ದಳು. ಶೆಟ್ಟರಿಗೆ ಇಷ್ಟು, ಹಾಲಿಗೆ ಇಷ್ಟು, ಚೀಟಿಗೆ ಇಷ್ಟು, ಊರಿಗೆ ಮನಿಯಾರ್ಡರು ಇಷ್ಟು. ವರ್ಷದ ಲೆಕ್ಕ ತಿಂಗಳ ಲೆಕ್ಕವಾಯಿತು. ತಿಂಗಳ ಲೆಕ್ಕ ಬಂದುದರಿಂದಲೇ ಮಗನನ್ನು ಹತ್ತು ವರ್ಷ ಓದಿಸುವ ಯೋಚನೆಯೂ ಸಾಧ್ಯವಾಯಿತು.

ಊಟವೂ ಬದಲಾಯಿತು. ಹಬ್ಬಕ್ಕೆ ಮಾತ್ರ ಬೇಯುತ್ತಿದ್ದ ಅನ್ನ ದಿನದ ಊಟವಾಯಿತು. ಮುದ್ದೆ ರಾತ್ರಿಗೆ ಸರಿಯಿತು. ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ (ಮಾರ್ಕ್ಸನ ಗೆಳೆಯ ಎಂಗೆಲ್ಸ್ ಬೇರೆ) ಬೆಲ್ಜಿಯಂನ ದುಡಿಮೆಗಾರ ಸಂಸಾರಗಳ ಖರ್ಚುವೆಚ್ಚವನ್ನು ಪರಿಶೀಲಿಸಿ 1857ರಲ್ಲಿ ಒಂದು ನಿಯಮವನ್ನು ಹೇಳಿದ: ವರಮಾನ ಏರಿದಂತೆ ಅದರಲ್ಲಿ ಊಟಕ್ಕೆ ಹೋಗುವ ಪಾಲು ಇಳಿಯುತ್ತದೆ. ನಮ್ಮ ಕೆಂಪು ಪುಸ್ತಕ ಅದಕ್ಕೆ ಸಾಕ್ಷಿ. ಶೆಟ್ಟರ ಪಾಲು ತೀರಿದ ಮೇಲೂ ಹಣ ಉಳಿಯತೊಡಗಿದಾಗ ಮನೆಗೆ ಸ್ಟೀಲು ಪಾತ್ರೆ ಬಂತು, ಕುಕ್ಕರು ಬಂತು, ಅಂಚೆ ಕಚೇರಿಯಲ್ಲಿ ಲೈಸೆನ್ಸು ಮಾಡಿಸಿ ಇಟ್ಟುಕೊಳ್ಳಬೇಕಾಗಿದ್ದ ರೇಡಿಯೋ ಬಂತು. ಅಪ್ಪನ ಕೈಗೆ ಗಡಿಯಾರವೂ ಬಂತು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಈ ಏಳಿಗೆ ಒಬ್ಬರಿಗೆ ಬಂದುದಲ್ಲ, ಇಡೀ ಬೀದಿಗೆ ಬಂದುದು. ಯಾರ ಸಂಬಳವೆಷ್ಟು ಎಂಬುದು ಯಾರಿಗೂ ಗುಟ್ಟಲ್ಲ. ದರ್ಜೆ ತಿಳಿದರೆ ಸಂಬಳ ತಿಳಿದಂತೆ. ಕಾಲೊನಿ, ಶಾಲೆ, ಆಸ್ಪತ್ರೆ, ಕ್ಯಾಂಟೀನು, ಸಹಕಾರ ಸಂಘ ಎಲ್ಲವೂ ಸಂಬಳದ ಬೆನ್ನಿಗೇ ಬಂದಿದ್ದುವು. ಒಂದು ಮನೆಯ ರೇಡಿಯೋವನ್ನು ನಾಲ್ಕು ಮನೆಯವರು ಕೇಳುತ್ತಿದ್ದರು.

ಇದರ ಬೆಲೆ ನಮಗೆ ತಿಳಿದುದು ಸಂಬಳ ನಿಂತಾಗ. 1980ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು ವೇತನದ ಪ್ರಶ್ನೆಯ ಮೇಲೆ ಮುಷ್ಕರ ಹೂಡಿದರು. ಎಚ್.ಎ.ಎಲ್., ಬಿ.ಇ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಂ.ಎಲ್. ಹೀಗೆ ಎಲ್ಲ ಕಡೆಯೂ ಕೆಲಸ ನಿಂತಿತು. ಮುಷ್ಕರ 1981ರ ಮಾರ್ಚಿಯವರೆಗೆ 77 ದಿನ ನಡೆಯಿತು. ಆಗ ನಾನು ಕಾಲೇಜಿನಲ್ಲಿದ್ದೆ. ಎರಡನೆಯ ತಿಂಗಳು ಅಪ್ಪ ಪುಸ್ತಕ ಹಿಡಿದು ಅಂಗಡಿಯ ಮುಂದೆ ನಿಂತರು, ಬಾಯಲ್ಲಿ ಮಾತಿಲ್ಲ. ಶೆಟ್ಟರೇ ಕೈನೀಡಿ ಪುಸ್ತಕ ತೆಗೆದುಕೊಂಡು, “ಕೊಡಿ ಸ್ವಾಮಿ. ನೀವು ಸಂಬಳದೋರು. ಇವತ್ತಲ್ಲ ನಾಳೆ ಅವರು ಗೇಟು ತೆಗೀಲೇಬೇಕು, ನೀವು ಒಳಗೆ ಹೋಗ್ಲೇಬೇಕು” ಎಂದರು. ಊರಿನಿಂದ ಒಂದು ಮೂಟೆ ರಾಗಿ ಬಂತು. ಚೀಟಿಯ ಹೆಂಗಸರು ಆ ತಿಂಗಳು ಹರಾಜು ಕೂಗದೆ ಹಣವನ್ನು ಹೆಚ್ಚು ಮಕ್ಕಳಿದ್ದ ಮನೆಗೆ ಕೊಟ್ಟರು. ಪುಸ್ತಕದಲ್ಲಿ ಆ ಮೂರು ತಿಂಗಳು ಅಡ್ಡಗೆರೆಯೇ ಇಲ್ಲ. ಬಾಕಿ ತೀರಲು ಮುಂದೆ ಹನ್ನೊಂದು ತಿಂಗಳು ಹಿಡಿಯಿತು.

ಇದನ್ನು ಹೇಳುವಾಗ ಹಿಂದಿನದೆಲ್ಲ ಚಿನ್ನವೆಂಬ ಭ್ರಮೆ ನನಗಿಲ್ಲ. ಕಾಲೊನಿಯ ಬೇಲಿಯ ಹೊರಗೆ, ಭೂಮಿ ಕಳೆದುಕೊಂಡ ಹಳ್ಳಿಯವರು ನಮ್ಮ ಬೀದಿದೀಪಗಳನ್ನು ದೂರದಿಂದ ನೋಡುತ್ತಿದ್ದರು. ಅಮ್ಮ ಸಂಬಳವನ್ನು ಪಾಲು ಮಾಡುತ್ತಿದ್ದಳೇ ಹೊರತು ಅವಳ ಹೆಸರಿನಲ್ಲಿ ಒಂದು ಬ್ಯಾಂಕ್ ಪುಸ್ತಕವೂ ಇರಲಿಲ್ಲ.

ಇನ್ನು ಮೂರನೆಯ ಕಾಲ. ಕಿಯೋನಿಕ್ಸ್ ಸಂಸ್ಥೆ 1976ರಲ್ಲಿ ಹುಟ್ಟಿತು. ಅದರ ಆರ್. ಕೆ. ಬಾಳಿಗರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಆರಂಭವಾಯಿತು. 1991ರ ಆರ್ಥಿಕ ಸುಧಾರಣೆಯ ನಂತರ ಅದರ ಚಹರೆಯೇ ಬದಲಾಯಿತು. ವೈಟ್‌ಫೀಲ್ಡಿನಲ್ಲಿ ಸಿಂಗಪುರದ ಸಹಯೋಗದಿಂದ ತಂತ್ರಜ್ಞಾನ ಪಾರ್ಕು ಎದ್ದಿತು. ಅಪ್ಪ ನಿವೃತ್ತಿಯ ದಿನ ಪಡೆದ ತಿಂಗಳ ಸಂಬಳವನ್ನು ಅಲ್ಲಿ ಕೆಲಸಕ್ಕೆ ಸೇರಿದ ಹುಡುಗ ಮೊದಲ ತಿಂಗಳೇ ಮೀರಿಸಿದ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ತಂದೆ ಇಡೀ ಬಾಳಿನಲ್ಲಿ ಕಟ್ಟಲಾಗದ ಮನೆಯನ್ನು ಮಗ ಮೂವತ್ತರೊಳಗೆ ಕೊಂಡ. ತಾಯಿಯ ಶಸ್ತ್ರಚಿಕಿತ್ಸೆಗೆ ಒಡವೆ ಅಡವಿಡುವ ಕಷ್ಟ ಎಷ್ಟೋ ಮನೆಗಳಲ್ಲಿ ಕೊನೆಗೊಂಡಿತು. ಇದು ಸಣ್ಣ ವಿಷಯವಲ್ಲ.

ಆದರೆ ಕಾಲದ ಎಣಿಕೆ ಮತ್ತೊಮ್ಮೆ ಬದಲಾಯಿತು. ನನ್ನ ತಂಗಿಯ ಮಗ ವೈಟ್‌ಫೀಲ್ಡಿನ ಕಡೆ ಹನ್ನೆರಡನೆಯ ಅಂತಸ್ತಿನಲ್ಲಿ ಮನೆ ಕೊಂಡಿದ್ದಾನೆ. ಇಪ್ಪತ್ತು ವರ್ಷಗಳ ಕಂತು. ಅಂದರೆ ಮುಂದಿನ ಇಪ್ಪತ್ತು ವರ್ಷ ದುಡಿಯಲಿರುವ ಹಣದ ಒಂದು ದೊಡ್ಡ ಪಾಲು ಈಗಲೇ ಖರ್ಚಾಗಿಹೋಗಿದೆ. ತಾತ ಕಳೆದ ಸುಗ್ಗಿಯ ಧಾನ್ಯ ತಿಂದರು; ಅಪ್ಪ ಈ ತಿಂಗಳ ಸಂಬಳ ತಿಂದರು; ಅಳಿಯ ಇನ್ನೂ ಬರದ ಸಂಬಳದಲ್ಲಿ ಬಾಳುತ್ತಿದ್ದಾನೆ. ಅವನ ಮನೆಯಲ್ಲಿ ಈಗ ಬೆಳಗ್ಗೆ ರಾಗಿ ಅಂಬಲಿ. ವೈದ್ಯರ ಸಲಹೆಯಂತೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಅದಕ್ಕೆ ಗೌರವವೂ ಹೆಚ್ಚಿದೆ. ನಮ್ಮ ಮನೆ ಏಳಿಗೆ ಕಂಡಾಗ ಕೈಬಿಟ್ಟುದನ್ನು ಅವನು ಇನ್ನಷ್ಟು ಏಳಿಗೆ ಕಂಡು ಹೆಚ್ಚು ಬೆಲೆಗೆ ಕೊಳ್ಳುತ್ತಿದ್ದಾನೆ.

ಆ 2023ರಲ್ಲಿಯೇ ಅವನ ಕೆಲಸ ಹೋಯಿತು. ಅಂದು ಜಗತ್ತಿನ ಎಲ್ಲೆಡೆಯೂ ಆ ಉದ್ಯಮದಲ್ಲಿ ಅಂಥ ಕಡಿತ ನಡೆದಿತ್ತು. ಸಂಗತಿ ನಮಗೆ ತಿಳಿದುದು ಎರಡು ತಿಂಗಳ ಮೇಲೆ. ಅಲ್ಲಿಯವರೆಗೆ ಅವನು ದಿನವೂ ಬೆಳಗ್ಗೆ ಚೀಲ ಹೆಗಲಿಗೇರಿಸಿ ಮನೆಯಿಂದ ಹೊರಟು, ಎಲ್ಲೋ ಕುಳಿತು ಅರ್ಜಿ ಬರೆದು, ಸಂಜೆ ಹಿಂದಿರುಗುತ್ತಿದ್ದನಂತೆ. ಹೆಂಡತಿಗೆ ಗೊತ್ತು, ಎದುರು ಮನೆಯವರಿಗೆ ಗೊತ್ತಿಲ್ಲ. “ಅಮ್ಮನಿಗಾದರೂ ಹೇಳಬಾರದಾಗಿತ್ತೇನಪ್ಪ?” ಎಂದು ಕೇಳಿದೆ. “ಹೇಗೆ ಹೇಳೋದು ಮಾವ? ಅಲ್ಲಿ ಎಲ್ಲರೂ ಚೆನ್ನಾಗಿದಾರೆ” ಎಂದ. ನಾಲ್ಕನೆಯ ತಿಂಗಳು ಅವನಿಗೆ ಬೇರೆ ಕೆಲಸ ಸಿಕ್ಕಿತು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. 1981ರಲ್ಲಿ ಅಪ್ಪನಿಗೂ ಸಂಬಳವಿರಲಿಲ್ಲ. ಅವಮಾನವೂ ಇರಲಿಲ್ಲ, ಏಕೆಂದರೆ ಬೀದಿಯಲ್ಲಿ ಯಾರಿಗೂ ಸಂಬಳವಿರಲಿಲ್ಲ. ಅಳಿಯನ ಸಂಬಳ ಅವನೊಬ್ಬನದು. ಅದು ಹೋದಾಗ ಸಂಕಟವೂ ಅವನೊಬ್ಬನದೇ ಆಯಿತು.

ಹೆಚ್ಚಿನ ವರಮಾನ ಮೊದಲು ಕೊಳ್ಳುವುದು ಸ್ವಾತಂತ್ರ್ಯವನ್ನು. ಸಕ್ಕರೆ ಕಡ ಕೇಳುವಂತಿಲ್ಲ, ಅಂಗಡಿಯವನ ಮುಖ ನೋಡುವಂತಿಲ್ಲ, ನಲ್ಲಿಯ ಮುಂದೆ ಸಾಲು ನಿಲ್ಲುವಂತಿಲ್ಲ. ಅಮ್ಮ ಎಷ್ಟೋ ಸಲ ಆ ಸಾಲಿನಲ್ಲಿ ಬಯ್ಗುಳ ಕೇಳಿ ಕಣ್ಣೀರಿಟ್ಟದ್ದುಂಟು. ಅದು ತಪ್ಪಿದುದು ಒಳ್ಳೆಯದೇ. ಆದರೆ ಕೊಂಡ ಸ್ವಾತಂತ್ರ್ಯಕ್ಕೂ ಒಂದು ಎಲ್ಲೆಯಿದೆ. 2024ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿದಾಗ, ಹನ್ನೆರಡನೆಯ ಅಂತಸ್ತಿನವರೂ ಟ್ಯಾಂಕರಿನ ದಾರಿ ಕಾಯ್ದರು. ಪಕ್ಕದಲ್ಲಿಯೇ ವರ್ತೂರಿನ ಕೆರೆ ಇದ್ದಿತು. ಅದರ ನೊರೆ ರಸ್ತೆಗೆ ಹಾರುತ್ತಿದ್ದುದನ್ನು 2015ರಲ್ಲಿ ಲೋಕವೇ ನೋಡಿತ್ತು. ಒಂದು ಕಾಲದಲ್ಲಿ ಊರೆಲ್ಲ ಕೂಡಿ ಹೂಳೆತ್ತುತ್ತಿದ್ದ ಕೆರೆಯ ಬದಲು ಪ್ರತಿಯೊಂದು ಸಮುಚ್ಚಯವೂ ತನ್ನದೇ ಕೊಳವೆ ಬಾವಿಯನ್ನು ತೋಡಿಕೊಂಡಿತ್ತು. ನೆಲದೊಳಗಿನ ನೀರಿಗೆ ಕಾಂಪೌಂಡು ಗೋಡೆಯಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಪೀಣ್ಯದ ಹೆಣ್ಣುಮಕ್ಕಳಿಗೆ ಅನ್ಯಾಯವಾದೀತು. ವರಮಾನದ ನಿಜವಾದ ಬಲವನ್ನು ನೋಡಬೇಕಾದರೆ ದೊಡ್ಡ ಸಂಬಳವನ್ನಲ್ಲ, ಸಣ್ಣ ಸಂಬಳವನ್ನು ನೋಡಬೇಕು. ಪೀಣ್ಯದ ಮತ್ತು ಹೊಸೂರು ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಸಾವಿರಾರು ಹೆಂಗಸರು ಹೊಲಿಗೆಯಂತ್ರದ ಮುಂದೆ ದುಡಿಯುತ್ತಾರೆ. ಅಳಿಯನಿಗೆ ತಿಂಗಳಿಗೆ ಐದು ಸಾವಿರ ಹೆಚ್ಚಾದರೆ ಬದಲಾಗುವುದು ಫೋನಿನ ಮಾದರಿ. ಇವರಿಗೆ ಐನೂರು ಹೆಚ್ಚಾದರೆ ಮಗಳು ಶಾಲೆ ಬಿಡುವುದು ತಪ್ಪುತ್ತದೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣವನ್ನು ಹಿಂತೆಗೆಯಲು ಹೊಸ ನಿರ್ಬಂಧ ಬಂದಾಗ ಈ ಹೆಂಗಸರೇ ಬೀದಿಗಿಳಿದರು. 58 ವರ್ಷವಾಗುವವರೆಗೆ ಮಾಲೀಕರ ಪಾಲಿನ ಹಣ ಮುಟ್ಟುವಂತಿಲ್ಲ ಎಂಬುದು ಆ ನಿಯಮ. ಎರಡು ದಿನಗಳಲ್ಲಿ ಕೇಂದ್ರ ಸರಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಮಗಳ ಮದುವೆ, ಗಂಡನ ಕಾಯಿಲೆ, ಕೆಲಸ ಬಿಟ್ಟ ಮೇಲಿನ ಬದುಕು ಎಲ್ಲಕ್ಕೂ ಇದ್ದ ಗಂಟು ಅದೊಂದೇ. ನನ್ನ ಅಮ್ಮನಿಗೆ ಇಲ್ಲದಿದ್ದ ಬ್ಯಾಂಕ್ ಪುಸ್ತಕ ಇವರಿಗಿದೆ. ಅದನ್ನು ಕಾಯ್ದುಕೊಳ್ಳಲು ಒಟ್ಟಿಗೆ ನಿಲ್ಲಬೇಕೆಂಬ ಅರಿವೂ ಇದೆ.

ಅಪ್ಪನ ಕೈಗಡಿಯಾರವನ್ನು ಮಾಡಿದ ಎಚ್.ಎಂ.ಟಿ.ಯ ಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿಯೇ ಸರಕಾರ ನಿರ್ಧರಿಸಿತು. ಆ ಕಾಲ ಮರಳುವುದಿಲ್ಲ, ಮರಳಬೇಕೆಂದು ಬಯಸುವುದೂ ಸರಿಯಲ್ಲ. ಸಂಬಳ ಹೆಚ್ಚಲಿ, ಇನ್ನೂ ಹೆಚ್ಚು ಮನೆಗಳಿಗೆ ಹೆಚ್ಚಲಿ. ಸಂಬಳ ನಿಂತ ತಿಂಗಳು ನಾಲ್ಕು ಜನರಿಗೆ ಹೇಳಿಕೊಳ್ಳಬಹುದಾದ ಒಂದು ಬೀದಿಯನ್ನು ಉಳಿಸಿಕೊಳ್ಳುವಷ್ಟು ಹೊತ್ತು ಮಾತ್ರ ನಮ್ಮಲ್ಲಿ ಮಿಗಲಿ.

ಕೆಂಪು ಪುಸ್ತಕವನ್ನು ಅಳಿಯನಿಗೆ ತೋರಿಸಿದೆ. ಗೆರೆಯಿಲ್ಲದ ಆ ಮೂರು ತಿಂಗಳ ಪುಟಗಳನ್ನು ಅವನು ಬಹಳ ಹೊತ್ತು ನೋಡಿದ. “ಇಷ್ಟು ದಿನ ಅವರು ಕೇಳಲೇ ಇಲ್ಲವೇ ಮಾವ?” ಎಂದ. ಇಲ್ಲವೆಂದೆ. ಪುಸ್ತಕ ಈಗ ಅವನ ಮನೆಯಲ್ಲಿದೆ.